ಇಪ್ಪತ್ತಾರು ಮತ್ತು ಹದಿನಾಲ್ಕು

ಸಿದ್ದಾಪುರದ ಸಂತೆ ದಿನ ನನ್ನ ಜೆರಾಕ್ಸ್ ಅಂಗಡಿಗೆ
ಅಂಜಲೈ ಬಂದಳು, ಲೈನ್ ಮನೆ ಹೆಂಗಸರ ಸಂಘದ ಖಜಾಂಚಿ.
ಕಂಕುಳಲ್ಲಿ ಪಾಸ್ ಬುಕ್ಕು, ಕೈಯಲ್ಲೊಂದು ಕಪ್ಪು ಬಾಟಲಿ.
ಬಾಟಲಿಗಂಟಿಸಲು ನಲವತ್ತು ಚೀಟಿ ಬೇಕು. ಪ್ರಿಂಟು ಬೇಡ.
'ಕೈಯಲ್ಲಿ ಬರೆದಂಗಿರಲಿ ಅಕ್ಕಾ, ಟೂರಿಸ್ಟ್ ಜನಕ್ಕೆ ಅದೇ ಇಷ್ಟ.'

ಕೈಯಲ್ಲಿ ಬರೆದಂಗೆ ಬರೆಯಲು ನನ್ನ ಹತ್ತಿರ ಯಂತ್ರವಿದೆ.
ಹುಟ್ಟಿದ್ದು ಕತ್ತರಿಸುವುದಕ್ಕೆ;
ಬ್ಲೇಡಿನ ಪಕ್ಕದಲ್ಲಿ ಪೆನ್ನಿಗೊಂದು ಗೂಡು.
ಕಂಪನಿಯ ಪೆನ್ನೇ ಆಗಬೇಕು ಅನ್ನುತ್ತದೆ ಕಂಪನಿ.
ಹತ್ತು ರೂಪಾಯಿಯ ಜೆಲ್ ಪೆನ್ನಿನ ಸೊಂಟಕ್ಕೆ
ಮೂರು ಸುತ್ತು ಟೇಪು ಸುತ್ತಿದರೆ ಅದೂ ಕೂರುತ್ತದೆ,
ಅಣ್ಣನ ಬೂಟಿಗೆ ಕಾಗದ ತುರುಕಿ
ಶಾಲೆಗೆ ಹೊರಟ ಹುಡುಗನ ಹಾಗೆ.

ಮೊದಮೊದಲು ಅಕ್ಷರವೆಲ್ಲ ಟೊಳ್ಳು.
ಕಂಪ್ಯೂಟರಿನ ಅಕ್ಷರಕ್ಕೆ ದಪ್ಪವಿದೆಯಲ್ಲ,
ಪೆನ್ನು ಅದರ ಅಂಚು ಹಿಡಿದೇ ಸುತ್ತುತ್ತಿತ್ತು,
ಗದ್ದೆಗಿಳಿಯದೆ ಬದುವಿನ ಮೇಲೇ ನಡೆದು ವಾಪಸಾದವರಂತೆ.
ಕೊನೆಗೆ ನಾನೇ ಕಾಗದದ ಮೇಲೆ ಒಂಟಿ ಗೆರೆಯಲ್ಲಿ
ಕಾಚಂಪುಳಿ ಎಂದು ಬರೆದು, ಫೋಟೋ ತೆಗೆದು,
ಗೆರೆ ಗೆರೆ ಬಿಡಿಸಿ ಅದಕ್ಕೆ ತಿನ್ನಿಸಿದೆ.
ಹಾಗಾಗಿ ಈಗ ಅದು ಬರೆಯುವುದು ನನ್ನ ಕೈಬರಹ,
ಆರನೇ ಕ್ಲಾಸಿನಲ್ಲಿ ಫಿಲೋಮಿನಾ ಟೀಚರ್ ಬೈದ ಸೊಟ್ಟ 'ಚ' ಸಮೇತ.

ಅಂಟು ಹಲಗೆಯ ಮೇಲೆ ಹಾಳೆ ಒಳಗೆ ಹೋಯಿತು.
ಅಂಜಲೈ ಬಗ್ಗಿ ನೋಡಿದಳು.
ಪೆನ್ನು ಮೊದಲು 'ಳಿ'ಯ ಗುಡಿಸು ಹಾಕಿತು.
ಅಲ್ಲಿಂದ ಹಾರಿ 'ಕಾ'ದ ಇಳಿ. ಆಮೇಲೆ 'ಪು'ವಿನ ಕೊಂಬು.
ಯಾರಿಗೂ ಸೇರದ ಜಾಗದಲ್ಲಿ ಒಂದು ಸೊನ್ನೆ ಇಟ್ಟು
ನಿಧಾನಕ್ಕೆ ಬಂದು 'ಚ'ದ ಹೊಟ್ಟೆ ಬರೆಯಿತು.
ತಲಕಟ್ಟು, ಇಳಿ, ಗುಡಿಸು, ಕೊಂಬು ಎಂದು
ರಾಗ ಎಳೆದು ಕಲಿತ ನನಗೆ ಇವತ್ತಿಗೂ
ಇದನ್ನು ನೋಡಿದರೆ ಕೈ ತುರಿಸುತ್ತದೆ.
ಗೋಡೆ ಏಳುವ ಮೊದಲೇ ಹೆಂಚು ಹೊದಿಸುವ ಮೇಸ್ತ್ರಿ!

ಅಂಜಲೈಗೆ ತಪ್ಪೇನೂ ಕಾಣಲಿಲ್ಲ.
'ಇದಕ್ಕೆ ಓದಕ್ಕೆ ಬರುತ್ತಾ?'
ಇಲ್ಲ.
'ಬರೆಯೋದು ಮಾತ್ರ?'
ಹೂಂ.
ಪಾಸ್ ಬುಕ್ಕು ಬಿಚ್ಚಿ ತನ್ನ ಸಹಿ ತೋರಿಸಿದಳು.
'ಲೈ'ಯಿಂದ ಶುರುಮಾಡಿ ಹಿಂದಕ್ಕೆ ಬರುತ್ತಾಳಂತೆ,
ಹಾಗೆ ಬಿಡಿಸಿದರೆ ಕೊನೆಗೆ ಜಾಗ ಸಾಲದೆ ಹೋಗುವುದಿಲ್ಲ.
'ನಂದೂ ಇದೇ ಜಾತಿ' ಅಂದಳು, ಯಂತ್ರದ ಬೆನ್ನು ತಟ್ಟಿ.

ಮೂರನೇ ಹಾಳೆ, ಏಳನೇ ಚೀಟಿ.
ಗುಡಿಸು ಬಿದ್ದದ್ದೇ ತಡ, ಕರೆಂಟು ಹೋಯಿತು.
ಮಾಲ್ದಾರೆ ಕಡೆ ಆನೆ ಲೈನಿನ ಮೇಲೆ ಮರ ಉರುಳಿಸಿರಬೇಕು,
ಬಂದರೆ ಸಂಜೆಗೆ, ಇಲ್ಲವಾದರೆ ನಾಳೆಗೆ.
ಅವಳ ಜೀಪು ಎರಡು ಗಂಟೆಗೆ.

ಟೇಪಿನ ಸಮೇತ ಪೆನ್ನು ಕಿತ್ತಳು.
ಬಾಗಿಲ ಬೆಳಕಿಗೆ ಸ್ಟೂಲು ಎಳೆದು
ಒಂದು ಒಳ್ಳೆ ಚೀಟಿ ಎದುರಿಗಿಟ್ಟು
ಬಿಡಿಸುತ್ತ ಹೋದಳು, ಯಂತ್ರ ಬಿಟ್ಟ ಗುಡಿಸಿನಿಂದಲೇ.
ನಾನು ಬಾಯಿ ತೆರೆದಿದ್ದರೆ ಟೀಚರ್ ಆಗಿಬಿಡುತ್ತಿದ್ದೆ.
ತೆರೆಯಲಿಲ್ಲ.
ನನ್ನದನ್ನು ನೋಡಿ ಯಂತ್ರ ಬರೆದದ್ದು,
ಅದರದ್ದನ್ನು ನೋಡಿ ಅವಳು ಬರೆದದ್ದು:
ಎರಡು ಹೊಳೆ ದಾಟಿಯೂ ನನ್ನ 'ಚ' ಸೊಟ್ಟವೇ.
ಸೊನ್ನೆ ಮಾತ್ರ ಅವಳದು.
ಕಾಳುಮೆಣಸಿನಷ್ಟಿದ್ದದ್ದು ಕಾಫಿ ಹಣ್ಣಿನಷ್ಟಾಗಿತ್ತು.

ಕತ್ತರಿಯಲ್ಲೇ ಕತ್ತರಿಸಿ ಕೊಟ್ಟೆ.
ಚೀಟಿಗೆ ಮೂರರಂತೆ ನೂರಿಪ್ಪತ್ತು.
ಎಪ್ಪತ್ತೆಂಟು ಎಣಿಸಿ ಗಾಜಿನ ಮೇಲಿಟ್ಟಳು.
'ಹದಿನಾಲ್ಕು ನಂದು.'

ಆರೂವರೆಗೆ ಕರೆಂಟು ಬಂತು, ಯಂತ್ರ ಕಣ್ಣು ಬಿಟ್ಟಿತು.
ಗೂಡು ಖಾಲಿ.
ಪೆನ್ನು ಅವಳ ತುರುಬಿನಲ್ಲಿ ಹೋಗಿತ್ತು,
ಮೂರು ಸುತ್ತು ಟೇಪಿನ ಸಮೇತ.