ಸವಕಳಿ

ಹತ್ತು ವರ್ಷ ಈ ಹಲಗೆಯನ್ನು
ನಾನು ಕಾಗದದ ಮೇಲೆ ಸವೆಸಿದ್ದೇನೆ.
ಕಟಿಂಗ್ ಟೇಬಲ್ಲು, ಸಾಗುವಾನಿ, ಸಣ್ಣದು, ಒಂದು:
ಪ್ರತಿ ಮಾರ್ಚ್ ಮೂವತ್ತೊಂದರ ರಾತ್ರಿ
ಒಂದಿಷ್ಟು ಕೆತ್ತಿ, ಕೆತ್ತಿ, ಕೊನೆಗೆ
ಪುಸ್ತಕದಲ್ಲಿ ಉಳಿದದ್ದು ಒಂದು ರೂಪಾಯಿ.

ಮಗನ ಯುನಿಟ್ಟಿಗೆ ಕಟಿಂಗ್ ಮಿಷನ್ ಬಂದ ಮೇಲೆ
ಹುಸೇನಪೀರ ಮಾಸ್ತರು ಕೇಳಿದ್ದು ನಾಲ್ಕು ಸಾವಿರ.
‘ಒಂದು ರೂಪಾಯಿ ನಿನ್ನ ಪುಸ್ತಕದ್ದು, ಪಂಪಕ್ಕ.
ಇದು ಕಟ್ಟಿಗೀದು.’
ನಾನು ಚೌಕಾಸಿ ಮಾಡಲಿಲ್ಲ. ಮಾಡಿದೆ, ಸ್ವಲ್ಪ.
ಮೂರೂವರೆಗೆ ಮುಗಿಯಿತು.

ಕೌಲ್ ಬಜಾರಿನ ಓಣಿಯಲ್ಲಿ ತಳ್ಳುಗಾಡಿಯ ಮೇಲೆ
ಮಲಗಿ ಬಂತು; ಮೂಲೆ ತಿರುಗಲಾರದೆ ಎರಡು ಕಡೆ
ಎಬ್ಬಿಸಿ ನಿಲ್ಲಿಸಿ ಮತ್ತೆ ಮಲಗಿಸಿ.
ಜಿಪ್ಪು ಹಚ್ಚುವ ಹುಡುಗಿಯರು ಬಾಗಿಲಿಗೆ ಬಂದರು:
‘ಅಕ್ಕಾ, ಯಾರಿಗೆ ಮಂಚ?’
‘ಮಂಚ ಅಲ್ಲ. ಆಫೀಸು.’

ಇಷ್ಟು ದಿನ ನನ್ನ ಆಫೀಸು
ಹೊಲಿಗೆ ಮಿಷನ್ನಿನ ಮುಚ್ಚಳ,
ಇಲ್ಲವೇ ತಂಗಿ ಬಿಟ್ಟಾಗ ಸಿಗುವ ಇಸ್ತ್ರಿ ಟೇಬಲ್ಲಿನ ಅರ್ಧ.
ಹದಿನಾಲ್ಕು ಯುನಿಟ್ಟಿನ ಜಿಎಸ್‌ಟಿ ತೊಡೆಯ ಮೇಲೆ.
ಯಾರು ಎಷ್ಟು ಜೇಬು ಹಚ್ಚಿದರು, ಯಾರ ಬಟವಾಡೆ ಬಾಕಿ,
ಎಲ್ಲ ಲ್ಯಾಪ್‌ಟಾಪಿನ ಬಿಸಿಗೆ ಬೆವರಿದ ಮೊಣಕಾಲಿಗೆ ಗೊತ್ತು.

ಮಾನಪ್ಪಾಚಾರಿ ಟೇಪು ಬಿಚ್ಚಿದ.
ಮೆಟ್ಟಿಲ ಕೆಳಗಿನ ಗೂಡನ್ನು ನಾನು ನನ್ನ ಗೇಣಲ್ಲಿ ಅಳೆದಿದ್ದೆ,
ಹಲಗೆಯನ್ನು ಮಾಸ್ತರು ಅವರ ಗೇಣಲ್ಲಿ.
ಎರಡೂ ಎಂಟು.
ಟೇಪಿನ ಪ್ರಕಾರ ಹತ್ತು ಇಂಚು ಹೆಚ್ಚು.
ಗಾದೆ ಹೇಳಲು ಬಾಯಿ ತೆರೆದವನು
ನನ್ನ ಮುಖ ನೋಡಿ ಗರಗಸ ತೆಗೆದ.

ಆಮೇಲೆ ಕೀಸುಳಿ. ಮೊದಲ ಹೆರೆ ನೀಲಿ.
ಎರಡನೆಯದೂ ನೀಲಿ. ಡೆನಿಮ್ಮಿನ ಧೂಳು
ಕಟ್ಟಿಗೆಯ ನರಕ್ಕೇ ಇಳಿದಿತ್ತು.
ಕಿಟಕಿಯಿಂದ ಅದಿರು ಲಾರಿಗಳ ಕೆಂಪು ಬಂದು
ಅದರ ಮೇಲೆ ಕೂತು, ನೆಲದ ತುಂಬ
ಬದನೆಕಾಯಿ ಸಿಪ್ಪೆ.
ಐದನೆಯದಕ್ಕೆ ಬೆಲ್ಲದ ಬಣ್ಣ ಇಣುಕಿತು.

ಕತ್ತರಿ ಜಾರಿದ ಗೀರು ಮೂರು, ಆಳ, ಹೋಗಲಿಲ್ಲ.
ಮೂರನೆಯದರ ಪಕ್ಕ ಒಂದು ಕಪ್ಪು ಚುಕ್ಕೆ.
ಮಾಸ್ತರರ ಎಡಗೈ ತೋರುಬೆರಳು ಅರ್ಧ ಇದೆ.
ಆ ವರ್ಷದ ಪುಸ್ತಕದಲ್ಲಿ
‘ಔಷಧ ಖರ್ಚು, ಆರುನೂರ ನಲವತ್ತು’
ಅಂತ ಬರೆದವಳು ನಾನೇ.
ಯಾರ ಔಷಧ ಅಂತ ಕೇಳಿರಲಿಲ್ಲ.

ಮುಂದಿನ ಅಂಚಿಗೆ ಉದ್ದಕ್ಕೆ ಒಂದು ತಗ್ಗು:
ಹೊಟ್ಟೆ ಒರಗಿಸಿ ಅವರು ಬಗ್ಗುತ್ತಿದ್ದ ಜಾಗ.
‘ಇದನ್ನ ಸಮ ಮಾಡ್ತೀನವ್ವ.’
‘ಬ್ಯಾಡ.’
‘ನೋಡಿದವ್ರು ನನ್ನ ಕೆಲಸ ಸೊಟ್ಟ ಅಂತಾರ.’
‘ಇಲ್ಲಿ ನೋಡೋಕೆ ಯಾರು ಬರ್ತಾರೆ, ಮಾನಪ್ಪ?’
ಅಲ್ಲಿ ಕೀಸುಳಿ ಎತ್ತಿದ; ಆ ಒಂದು ಗೆರೆ ನೀಲಿಯಾಗೇ ಉಳಿಯಿತು.

ಕಾಲಿಗೆ ಕೂಡಿಸುವಾಗ ಸ್ಕ್ರೂ ಬಿಗಿಯಲಿಲ್ಲ,
ತೂತು ಉದ್ದಕ್ಕೆ ಕೊರೆದು ಸಡಿಲ ಬಿಟ್ಟ.
‘ಬ್ಯಾಸಗಿಗೆ ಕುಗ್ತೈತಿ, ಮಳಿಗೆ ಹಿಗ್ತೈತಿ.
ಕಟ್ಟಿ ಹಾಕಿದ್ರ ಸೀಳ್ತೈತಿ.’
ಇಷ್ಟು ಹೇಳಿ ಬೀಡಿ ಹಚ್ಚಿದ. ಹೊರಗೆ ಕಳಿಸಿದೆ.

ಸಂಜೆ ಮಾಸ್ತರು ಬಂದರು. ಕೂರಲಿಲ್ಲ.
ಅರ್ಧ ಬೆರಳಿನಿಂದ ಮೂರನೆಯ ಗೀರು ಸವರಿ
‘ಭಾಳ ತೆಳ್ಳಗ ಮಾಡೀರಿ’ ಅಂದರು.
ಹೋಗುವಾಗ ಬಾಗಿಲ ಹಿಂದಿದ್ದ
ಹತ್ತು ಇಂಚಿನ ತುಂಡನ್ನು ಕಂಕುಳಿಗಿಟ್ಟುಕೊಂಡರು.
‘ಏನ್ ಮಾಡ್ತೀರಿ ಅದನ್ನ?’
‘ಇರ್ಲಿ.’

ರಾತ್ರಿ, ಮನೆ ಮಲಗಿದ ಮೇಲೆ,
ನನ್ನ ಸ್ವಂತಕ್ಕೆ ಅಂತ ಒಂದು ಪುಸ್ತಕ ತೆರೆದೆ, ಮೊದಲ ಸಲ.
ಮೇಜು, ಒಂದು. ಮೂರು ಸಾವಿರದ ಐನೂರು.
ಬಡಿಗನ ಕೂಲಿ, ಪಾಲಿಶು, ತಳ್ಳುಗಾಡಿ.
ಸವಕಳಿಯ ಕಾಲಮ್ಮಿಗೆ ಬಂದು ಪೆನ್ನು ನಿಂತಿತು.
ಮಾರ್ಚಿಗೆ ಇನ್ನೂ ಏಳು ತಿಂಗಳಿದೆ.
ಎರಡೂ ಕೈ ಆ ತಗ್ಗಿನಲ್ಲಿಟ್ಟು ಸುಮ್ಮನೆ ಕೂತಿದ್ದೆ;
ಅಲ್ಲಿ ಇನ್ನೂ ಜಾಗ ಉಳಿದಿತ್ತು.

ಬೆಳಿಗ್ಗೆ ಹಲ್ಲುಜ್ಜುವಾಗ ನೋಡಿಕೊಂಡೆ:
ಮಣಿಕಟ್ಟು ಎರಡೂ ನಸು ನೀಲಿ.