ಒಂದು ಕಡೆಗೆ ವಾಲಿ ಕೂತವನಿಗೆ

ಇರ್ತಿಜಾ, ಲಾಳಿ ನಿಲ್ಲಿಸು ಒಂದು ಗಳಿಗೆ.
ಎರಡು ವಾರದಿಂದ ನೋಡುತ್ತಿದ್ದೇನೆ
ಗುಂಡಿಮಗ್ಗದ ಅಂಚಿನಲ್ಲಿ ನೀನು ಕೂರುವ ರೀತಿ:
ಎಡ ಕುಂಡೆಯ ಮೇಲೆ ಇಡೀ ಭಾರ, ಬಲಗಡೆ ಗಾಳಿಯಲ್ಲಿ,
ಮದುವೆಮನೆಯಲ್ಲಿ ಜಾಗ ಸಾಲದೆ
ಬೆಂಚಿನ ತುದಿಗೆ ಅಂಟಿದವನ ಹಾಗೆ.
ಕೇಳಿದರೆ ಬೆನ್ನುನೋವು ಎನ್ನುತ್ತೀ.
ಅದೇ ಬೆನ್ನುನೋವು ನನಗೂ ಇತ್ತು, ಮೂರು ವರ್ಷ.

ಮೊದಲು ಒಂದು ಗುಳ್ಳೆ, ಕಡಲೆಕಾಳಿನಷ್ಟು.
ಜ್ವರ ಬಂತು. ಒಡೆಯಿತು. ಹಾಯೆನಿಸಿತು.
ಪೀಡೆ ತೊಲಗಿತೆಂದು ಗಲ್ಲಿಯ ಮೂಲೆಯಲ್ಲಿ
ಎರಡು ಕುಡಿಕೆ ಚಹಾ ಕುಡಿದೆ.
ಹದಿನೈದು ದಿನಕ್ಕೆ ಮತ್ತೆ ಲುಂಗಿಯ ಮೇಲೆ
ರೂಪಾಯಿ ಅಗಲದ ಹಳದಿ ಕಲೆ.
ಮುಚ್ಚುವುದು, ತುಂಬುವುದು, ಒಡೆಯುವುದು.
ಹೊರಬಾಗಿಲಿಗೆ ಬೀಗ ಜಡಿದರೆ
ಒಳಗಿದ್ದ ಕಳ್ಳ ಹೋಗುತ್ತಾನೆಯೆ?

ಯಾರಿಗೆ ಹೇಳುವುದು?
ಸೆರಗಿನಲ್ಲಿ ಒಂದು ಎಳೆ ತಪ್ಪಿದರೆ
ಇಡೀ ಬಜರ್‌ಡೀಹಾ ಕೂಡಿ ಹುಡುಕುತ್ತದೆ.
ಇದರ ಹೆಸರು ಮಾತ್ರ ಯಾರ ಬಾಯಿಗೂ ಬಾರದು.
ಕನೀಜಳಿಗೂ ಹೇಳಲಿಲ್ಲ. ಲುಂಗಿ ನಾನೇ ಒಗೆದೆ.
ಅವಳಿಗೆ ಅನುಮಾನ ಹುಟ್ಟಿದ್ದೇ ಆಗ:
ಇಪ್ಪತ್ತು ವರ್ಷದಲ್ಲಿ ಒಂದು ಲೋಟ ತೊಳೆದವನಲ್ಲ!

ಸೇತುವೆ ಕೆಳಗಿನವನು ಮೂಲವ್ಯಾಧಿ ಅಂದ,
ಮುಲಾಮು ಕೊಟ್ಟ, ನಾನೂರು ಎಣಿಸಿಕೊಂಡ.

ಕೊನೆಗೆ ಆಸ್ಪತ್ರೆ. ಓಝಾ ಡಾಕ್ಟರಮ್ಮ,
ನನ್ನ ಮಗಳ ವಯಸ್ಸು.
ಗೋಡೆಗೆ ಮುಖ ಮಾಡಿ ಮಲಗಿದೆ.
ಅಲ್ಲೊಂದು ಇರುವೆ ಸಾಲು, ಅದನ್ನೇ ಎಣಿಸಿದೆ.
ಆಮೇಲೆ ಚೀಟಿಯ ಬೆನ್ನಿಗೆ ಗೀಚಿ ತೋರಿಸಿದಳು:
ಇದು ಒಳಗಿನ ಬಾಯಿ, ಇದು ಹೊರಗಿನದು,
ನಡುವೆ ಸುರಂಗ, ಏಳು ಸೆಂಟಿಮೀಟರ್.
ಭಗಂದರ ಅಂತ ಇದಕ್ಕೆ. ಫಿಸ್ಟುಲಾ ಅನ್ನಿ ಬೇಕಾದರೆ.
ಮಲ ತಡೆದು ಹಿಡಿಯುವ ಸ್ನಾಯುವಿನ ನಡುವೆಯೇ ದಾರಿ ಕೊರೆದಿದೆ,
ಒಂದೇ ಏಟಿಗೆ ಸೀಳಿದರೆ ಹಿಡಿತ ತಪ್ಪೀತು,
ಅದಕ್ಕೇ ದಾರ.

ದಾರ!
ಆ ಸ್ಥಿತಿಯಲ್ಲೂ ನಗು ಬಂತು, ಇರ್ತಿಜಾ.
ಎಷ್ಟನೇ ನಂಬರಿನದು ಎಂದು ಕೇಳಿದೆ.
ಲಿನನ್, ಇಪ್ಪತ್ತು. ಕಳ್ಳಿಹಾಲು, ಉತ್ತರಾಣಿಯ ಕ್ಷಾರ, ಅರಿಶಿನ,
ಇಪ್ಪತ್ತೊಂದು ಸಲ ಬಳಿದು ಒಣಗಿಸಿದ್ದು.
ನಮ್ಮ ಜರಿಗೂ ಇಷ್ಟು ಉಪಚಾರವಿಲ್ಲ.

ಬೆನ್ನಿಗೆ ಸೂಜಿ ಚುಚ್ಚಿ, ಸುರಂಗದಲ್ಲಿ ಎಳೆ ಹಾಯಿಸಿ,
ಎರಡು ತುದಿ ಹೊರಗೆ ತಂದು ಗಂಟು ಹಾಕಿದರು.
ಉರಿ? ಉರಿಯಿತಪ್ಪ. ಸುಳ್ಳು ಹೇಳುವುದಿಲ್ಲ.
ಬೆಳಿಗ್ಗೆ ಸಂಜೆ ಬಿಸಿನೀರಿನ ಟಬ್ಬಿನಲ್ಲಿ ಕುಕ್ಕರಿಸುತ್ತಿದ್ದೆ,
ಬಾಗಿಲಾಚೆ ಕನೀಜ್ ಬೆಲೆಪಟ್ಟಿ ಓದಿದಂತೆ
ಊರ ಸುದ್ದಿ ಹೇಳುತ್ತಿದ್ದಳು, ನಾನು ನರಳುವುದು
ಮಕ್ಕಳಿಗೆ ಕೇಳದಿರಲಿ ಎಂದು.

ವಾರಕ್ಕೊಮ್ಮೆ ಹಳೆ ದಾರದ ಬಾಲಕ್ಕೆ ಹೊಸದು ಕಟ್ಟಿ ಎಳೆಯುವುದು,
ತೆಗೆದದ್ದನ್ನು ಅಳತೆಪಟ್ಟಿಯ ಮೇಲಿಡುವುದು.
ಏಳು. ಆರೂಕಾಲು. ಐದೂವರೆ.
ಮತ್ತೆ ಐದೂವರೆ. ಆ ದಿನ ಮೆಟ್ಟಿಲ ಮೇಲೆ ಅತ್ತೆ.
ಮುಂದೆ ಕೊಯ್ಯುತ್ತ, ಹಿಂದೆ ಮಾಂಸ ತುಂಬುತ್ತ
ಬರುತ್ತದಂತೆ ಅದು, ನಿಧಾನ, ನಮ್ಮ ಸೀರೆಯಷ್ಟೇ ನಿಧಾನ.

ಹನ್ನೊಂದನೇ ವಾರ, ಟಬ್ಬಿನಲ್ಲಿ,
ತಾನಾಗಿ ಕಳಚಿ ಕೈಗೆ ಬಂತು.
ಗಂಟು ಹಾಗೇ ಇತ್ತು.
ಕುಣಿಕೆಯೊಳಗೆ ಏನೂ ಇರಲಿಲ್ಲ.

ನಿನ್ನದು ಹೇಗಿದೆಯೋ ನಾನರಿಯೆ.
ಕೆಲವರಿಗೆ ಕವಲುಗಳಿರುತ್ತವಂತೆ, ಮರಳಿ ಬರುವುದೂ ಉಂಟಂತೆ.
ಅದನ್ನು ಅವಳು ನೋಡಿ ಹೇಳಲಿ.
ಸೋಮವಾರ ಏಳಕ್ಕೇ ಸಾಲು ಹಚ್ಚಬೇಕು. ನಾನೂ ಬರುತ್ತೇನೆ.
ಆಟೋ ಬೇಡ, ಆ ರಸ್ತೆಯ ಗುಂಡಿಗಳು ನಿನಗೆ ಗೊತ್ತಲ್ಲ.
ನಡೆದೇ ಹೋಗೋಣ.

ಸರಿ, ಲಾಳಿ ಎಸೆ. ಸೇಠ್ ನೋಡುತ್ತಿದ್ದಾನೆ.