ತಾತ ಕೆತ್ತಿದ ಡಮರುಗ

ಚಾಂಪಿಯನ್ ರೀಫಿನ ದೊರೆಗಳ ಗೋರಿಗುಡ್ಡೆಯಲ್ಲಿ
ಲಂಟಾನ ಸರಿಸಿದರೆ ಮೂರನೇ ಸಾಲು, ಎಡಗಡೆ:
ಅಲೆಕ್ ಮಕ್‌ಫೀ, ಕಮ್ಮಾರ. ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಂತೆ,
ಸತ್ತದ್ದು ಇಲ್ಲಿ, ಮೂವತ್ತೊಂದಕ್ಕೆ, ವಾಂತಿಭೇದಿಗೆ.

ಕಲ್ಲು ನಮ್ಮದು. ಶಿವಾರಪಟ್ಟಣದಿಂದ
ಎತ್ತಿನಗಾಡಿಗೆ ಹುಲ್ಲು ಹಾಸಿ ತಂದದ್ದು.
ಕೆತ್ತಿದವನು ನಮ್ಮ ತಾತ ಕಾಳಾಚಾರಿ,
ಇಂಗ್ಲಿಷಿನ ಒಂದಕ್ಷರ ಬಾರದವನು;
ಹೆಸರನ್ನೂ ಬಳ್ಳಿ ಕೆತ್ತಿದ ಹಾಗೆ ಕೆತ್ತಿದ.

ಸತ್ತವನ ಅಣ್ಣ ಕಾಗದದಲ್ಲಿ ಗೀಚಿ ಕೊಟ್ಟಿದ್ದನಂತೆ
ತಮ್ಮೂರ ಗೋರಿಗಳ ಮೇಲಿರುವ ಹಾಗೆ:
ಸುತ್ತಿಗೆ, ಅದರ ತಲೆಗೊಂದು ಕಿರೀಟ,
ಬುರುಡೆ, ಕತ್ತರಿ ಹಾಕಿದ ಎರಡು ಮೂಳೆ,
ರೆಕ್ಕೆ ಬಂದ ಮಗುವಿನ ಮುಖ,
ನಡು ಸಣ್ಣಗಿನ ಒಂದು ಮರಳು ಗಡಿಯಾರ.

ಸುತ್ತಿಗೆಗೆ ಯಾಕೆ ಕಿರೀಟ ಅಂತ ತಾತ ಕೇಳಲಿಲ್ಲ.
ಅಷ್ಟು ಅವನಿಗೆ ಗೊತ್ತಿತ್ತು.
ಬುರುಡೆ, ಕಾಳಿಯ ಕೊರಳಿಗೆ ನೂರು ಪೋಣಿಸಿದ್ದ;
ರೆಕ್ಕೆಗೆ ಗರುಡನಿದ್ದ.
ಮರಳು ಗಡಿಯಾರ ಮಾತ್ರ ಕಂಡವನಲ್ಲ.
ಕಾಗದ ತಿರುಗಿಸಿ ಮುರುಗಿಸಿ ನೋಡಿ
ಓ, ಡಮರುಗ, ಅಂದನಂತೆ.
ನಡುವಿಗೆ ಹುರಿ ಬಿಗಿದ, ಎರಡೂ ಬಾಯಿಗೆ ತೊಗಲು ಹೊದಿಸಿದ,
ಹುರಿಯ ತುದಿಗೆ ಗಂಟು ಸಹ.

ಅಣ್ಣ ಬಂದು ನೋಡಿ ಏನಂದನೋ.
ನಮ್ಮ ಮನೆಯಲ್ಲಿ ಉಳಿದಿರುವ ಮಾತು ಇಷ್ಟೇ:
ಹದಿನಾಲ್ಕು ರೂಪಾಯಿ ಬಂತು, ಚೌಕಾಸಿ ಆಗಲಿಲ್ಲ.

ಹೋದ ತಿಂಗಳು ಅಂದೋಣಿಯಮ್ಮ ಬಂದಿದ್ದರು.
ಸವರಿಮುತ್ತು ಹೋಗಿ ವರ್ಷವಾಗುತ್ತೆ, ಕಲ್ಲು ನಿಲ್ಲಿಸಬೇಕು.
ಶಿಲುಬೆ ಇರಲಿ, ಅದರ ಕೆಳಗೆ ಅವರ ಕೆಲಸದ್ದು ಏನಾದರೂ.
ಗುದ್ದಲಿ ತೋರಿಸಿದೆ, ತಲೆದೀಪ ತೋರಿಸಿದೆ.
ಅಯ್ಯೋ, ಅವರು ಅಗೆದವರಲ್ಲ ಆಚಾರ್ರೇ,
ಇಪ್ಪತ್ತಾರು ವರ್ಷ ಶಾಫ್ಟಿನ ಬಾಯಲ್ಲಿ ಗಂಟೆ ಹೊಡೆದವರು.
ಮೂರು ಹೊಡೆದರೆ, ತೊಟ್ಟಿಲಲ್ಲಿ ಮನುಷ್ಯರಿದ್ದಾರೆ, ಮೆಲ್ಲಗೆ ಎತ್ತು ಅಂತ.
ಗಣಿ ಮುಚ್ಚಿದ ಮೇಲೂ ನಿದ್ದೆಗಣ್ಣಲ್ಲಿ
ಮಂಚದ ಪಟ್ಟಿಗೆ ಮೂರು ಬಡಿಯೋರು,
ನಾನೇ ಕೈ ಹಿಡಿದು ನಿಲ್ಲಿಸಬೇಕಿತ್ತು.

ಗಂಟೆ ಕೆತ್ತಬಹುದು.
ಮೂರನ್ನು ಹೇಗೆ ಕೆತ್ತುವುದು?
ಸೈನೈಡ್ ದಿಬ್ಬದ ದೂಳು ಬಂದು ಕಲ್ಲಿನ ಮೇಲೆ ಕೂರುತ್ತೆ,
ಊದುತ್ತೇನೆ, ಮತ್ತೆ ಕೂರುತ್ತೆ. ಉಳಿ ಇನ್ನೂ ಇಟ್ಟಿಲ್ಲ.

ನಿನ್ನೆ ಹೋಗಿ ಮಕ್‌ಫೀ ಕಲ್ಲಿಗೆ ಒದ್ದೆ ಬಟ್ಟೆ ಹಾಕಿ ಒರೆಸಿದೆ.
ಕಿರೀಟದ ಒಂದು ಮೂಲೆ ಮುಕ್ಕಾಗಿದೆ.
ಡಮರುಗದ ತೊಗಲು ನೂರು ವರ್ಷದ ಮಳೆಗೂ ಬಿಗಿಯಾಗಿಯೇ ಇದೆ.
ಮರಳಾಗಿದ್ದರೆ ಯಾವತ್ತೋ ಸುರಿದು ಮುಗಿದಿರುತ್ತಿತ್ತು.

ಅಂದೋಣಿಯಮ್ಮನಿಗೆ ಶನಿವಾರ ಬನ್ನಿ ಅಂದಿದ್ದೇನೆ.